ಒಂಬತ್ತನೇ ತಿರುವಿನ ಗಾಜುಗಳು

ಚೆನ್ನಯ ಪೂಜಾರಿ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಅವನು ಮಾಡಿದ ಕೆಲಸ ಕೇಳಿದ ಮೇಲೆ ಯಾರೂ ಈ ಮಾತು ಒಪ್ಪುವುದಿಲ್ಲ. ಕುಡಿತವಿಲ್ಲ, ಜಗಳವಿಲ್ಲ, ಒಂದು ದಿನ ಕೆಲಸಕ್ಕೆ ತಡವಾಗಿ ಹೋದವನಲ್ಲ. ಇಂಥವನ ದೆಸೆಯಿಂದಲೇ ಘಾಟಿಯ ಒಂದು ತಿರುವಿನಲ್ಲಿ ನಾಲ್ಕು ಜನರ ಒಂದು ಸಂಸಾರ, ಜೊತೆಗೆ ಬಸ್ಸುಗಟ್ಟಲೆ ಪ್ರಯಾಣಿಕರು ಮಣ್ಣುಪಾಲಾಗುವುದರಲ್ಲಿದ್ದರು. ಅದೂ ಹೇಗೆ? ಅವನ ಸೋಮಾರಿತನದಿಂದಲ್ಲ, ಅಚ್ಚುಕಟ್ಟುತನದಿಂದ.

ಆ ಅಚ್ಚುಕಟ್ಟುತನ ಅವನು ಕಲಿತದ್ದು ಹೋಟೆಲಿನಲ್ಲಿ. ಥಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನ ಗೋಡೆಗೆ ತಾಗಿಕೊಂಡ ಹಾಗೆ ಪ್ರೇಮನಾಥ ಶೆಟ್ಟರ ಹೋಟೆಲಿತ್ತು. ಕಾಪುವಿನ ಕಡೆಯಿಂದ ಬಂದ ಚೆನ್ನಯ ಅಲ್ಲಿ ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಕೊನೆಗೆ ಮೇಲ್ವಿಚಾರಕನಾಗಿ ಮೂವತ್ತು ವರ್ಷ ಕಳೆದ. ಹೋಟೆಲಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ. ಒಡೆದ ಗ್ಲಾಸು ಗಿರಾಕಿಯ ಕಣ್ಣಿಗೆ ಬೀಳಬಾರದು. ಶೆಟ್ಟರ ಕಣ್ಣಿಗೆ ಬಿದ್ದರಂತೂ ಆ ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು, ಮೇಲಿಂದ ಎಲ್ಲರೆದುರು ಮಂಗಳಾರತಿ. ಹಾಗಾಗಿ ಚೆನ್ನಯ ಅಡುಗೆಮನೆಯ ಅಟ್ಟದಲ್ಲಿ ತನ್ನದೇ ಖರ್ಚಿನ ಒಂದು ಡಜನ್ ಗ್ಲಾಸು ಇಟ್ಟುಕೊಂಡಿರುತ್ತಿದ್ದ. ಎಲ್ಲೋ ಠಳ್ ಎಂದರೆ ಸಾಕು, ಸದ್ದು ಅಡಗುವ ಮೊದಲೇ ಹೊಸ ಗ್ಲಾಸು ಮೇಜಿನ ಮೇಲೆ. ಚೂರುಗಳನ್ನು ಅವತ್ತಿನ ಪೇಪರಿನಲ್ಲಿ ಸುತ್ತಿ ಇಡುತ್ತಿದ್ದ, ಕಸ ಎತ್ತುವವಳ ಕೈ ಕುಯ್ಯಬಾರದು ನೋಡಿ. "ಚೆನ್ನಯ ಇದ್ದ ಮೇಲೆ ನನ್ನ ಹೋಟ್ಲಲ್ಲಿ ಗ್ಲಾಸು ಒಡೆಯುವುದೇ ಇಲ್ಲ ಮಾರಾಯ" ಎಂದು ಶೆಟ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆ ಕೇಳಿ ಚೆನ್ನಯನಿಗೆ ಒಳಗೊಳಗೇ ಖುಷಿ.

ಎರಡು ಸಾವಿರದ ಆರರಲ್ಲಿ ಆ ಹೋಟೆಲು ಬಿಲ್ಡರನ ಪಾಲಾಯಿತು. ನಲವತ್ತೊಂಬತ್ತರ ವಯಸ್ಸಿನಲ್ಲಿ ಚೆನ್ನಯ ಬೀದಿಗೆ ಬಿದ್ದ. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಹೆಂಡತಿ ಸುಂದರಿ ಮನೆಮನೆಗೆ ಚಪಾತಿ ಮಾಡಿಕೊಟ್ಟು ನಾಲ್ಕು ತಿಂಗಳು ಒಲೆ ಉರಿಸಿದಳು. ಆಗ ಕೈ ಹಿಡಿದವರು ಪುಂಡರೀಕಾಕ್ಷ ರಾಯರು. ದಿನಾ ಬೆಳಿಗ್ಗೆ ಕೋಪರಿಯ ಆ ಹೋಟೆಲಿನಲ್ಲೇ ತಿಂಡಿ ತಿನ್ನುತ್ತಿದ್ದ ಭೂವಿಜ್ಞಾನಿ, ಉಡುಪಿ ಕಡೆಯವರು. ಘಣಸೋಲಿಯಲ್ಲಿ ಅವರದೊಂದು ಸಣ್ಣ ಕಚೇರಿ ಇತ್ತು. ಘಾಟಿ ರಸ್ತೆಗಳಲ್ಲಿ ಎಲ್ಲೆಲ್ಲಿ ಗುಡ್ಡ ಕುಸಿಯಬಹುದು ಎಂದು ಅಳೆದು ಸರಕಾರಕ್ಕೆ ವರದಿ ಕೊಡುವುದು ಅವರ ಕೆಲಸ. ಬೆಟ್ಟದ ಮೇಲೆ ವಾರಗಟ್ಟಲೆ ಬಿಡಾರ ಹೂಡುವ ಹುಡುಗರಿಗೆ ಅಡುಗೆ ಮಾಡಲು ಜನ ಬೇಕಿತ್ತು. ಚೆನ್ನಯನನ್ನು ಕರೆದುಕೊಂಡರು.

ಅಡುಗೆಗೆಂದು ಹೋದವನು ಎರಡೇ ವರ್ಷದಲ್ಲಿ ಅರ್ಧ ಸರ್ವೇಯರನಾದ. ಕಲ್ಯಾಣದಿಂದ ಮುರಬಾಡ್ ದಾಟಿ ಹತ್ತುವ ಘಾಟಿ ರಸ್ತೆಯಲ್ಲಿ ಹದಿನೇಳು ಅಪಾಯದ ಜಾಗಗಳನ್ನು ರಾಯರು ಗುರುತಿಸಿದ್ದರು. ಒಂದೊಂದು ಜಾಗಕ್ಕೂ ಅಂಕ ಕೊಡುವುದು. ಗುಡ್ಡ ಎಷ್ಟು ಕಡಿದಾಗಿದೆ, ಬಂಡೆಯ ಪದರಗಳು ರಸ್ತೆಯ ಕಡೆ ವಾಲಿವೆಯೋ ಒಳಗೆ ವಾಲಿವೆಯೋ, ನೀರು ಎಲ್ಲಿ ಜಿನುಗುತ್ತದೆ, ಬಿದ್ದ ಕಲ್ಲು ರಸ್ತೆಗೆ ಬರುವ ಮೊದಲು ತಡೆಯಲು ಚರಂಡಿ ಇದೆಯೋ. ಚೆನ್ನಯ ಟೇಪು ಹಿಡಿದ, ಹಗ್ಗ ಹಿಡಿದ, ಕೇಳಿದ್ದನ್ನೆಲ್ಲ ನೆನಪಿಟ್ಟುಕೊಂಡ.

ಹದಿನೇಳರಲ್ಲಿ ಕೆಟ್ಟದ್ದೆಂದರೆ ಒಂಬತ್ತನೇ ತಿರುವು. ರಸ್ತೆಯಿಂದ ಕಾಲು ಗಂಟೆ ಹತ್ತಿದರೆ ಮೇಲೆ ಬಂಡೆಯಲ್ಲಿ ಒಂದು ಬಿರುಕು. ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಆರು ಹಿಡಿಯುವಷ್ಟು ಉದ್ದ. ಅದರ ನೆಟ್ಟಗೆ ಕೆಳಗೆ, ರಸ್ತೆಯ ಪಕ್ಕ, ವನಮಾಲಾಬಾಯಿಯ ಚಹದ ಶೆಡ್ಡು. ಗಂಡ ತೀರಿಕೊಂಡ ಮೇಲೆ ಅತ್ತೆಯ ಜೊತೆ ಅಲ್ಲೇ ಇದ್ದು, ಎಸ್ಟಿ ಎಂಬ ಸರಕಾರಿ ಬಸ್ಸಿನವರಿಗೆ ಚಹ, ಈರುಳ್ಳಿಯ ಕಾಂದಾ ಭಜಿ ಮಾಡಿಕೊಡುವ ಹೆಂಗಸು. ದಿನಕ್ಕೆ ಎಷ್ಟು ಬಸ್ಸು, ಎಷ್ಟು ಜೀಪು ಅಲ್ಲಿ ಐದು ನಿಮಿಷ ನಿಲ್ಲುತ್ತಿದ್ದವೋ ದೇವರಿಗೇ ಗೊತ್ತು.

ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ರಾಯರು ಆ ಬಿರುಕಿನ ಮೇಲೆ ಹನ್ನೆರಡು ಕಡೆ ಗಾಜಿನ ಪಟ್ಟಿ ಕೂರಿಸಿದರು. ಅಂಗೈಯುದ್ದದ ಪಟ್ಟಿ, ಒಂದು ತುದಿ ಬಿರುಕಿನ ಈ ದಂಡೆಗೆ, ಇನ್ನೊಂದು ತುದಿ ಆ ದಂಡೆಗೆ, ಸಿಮೆಂಟಿನಲ್ಲಿ ಅಂಟಿಸಿದ್ದು. ಅವತ್ತೇ ಅವರಿಗೆ ಮೀಟಿಂಗಿಗೆ ಹೋಗುವ ಅವಸರ. ಜೀಪು ಹತ್ತುತ್ತಾ ಹೇಳಿದರು, "ಚೆನ್ನಯ, ಪ್ರತಿ ಸೋಮವಾರ ಬಂದು ನೋಡು. ಮಳೆಗಾಲದಲ್ಲಿ ಗುರುವಾರವೂ ಬಾ. ಗಾಜು ಒಡೆದಿದ್ರೆ ಹೊಸತು ಹಾಕು. ಎಲ್ಲ ಸರಿ ಉಂಟಾ ಅಂತ ರಿಜಿಸ್ಟರಲ್ಲಿ ಬರಿ."

ಇಷ್ಟೇ ಹೇಳಿದ್ದು. ಗಾಜು ಯಾಕೆ, ಒಡೆದರೆ ಏನರ್ಥ, ಒಂದಕ್ಷರವಿಲ್ಲ. ಇಂಥ ಓದಿದವರಿಗೆ ಏನು ಹೇಳೋಣ? ತಮಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತಿದೆ ಎಂದುಕೊಂಡುಬಿಡುತ್ತಾರೆ. ಚೆನ್ನಯ ಕೇಳಬಹುದಿತ್ತಲ್ಲ ಎನ್ನಬೇಡಿ. ಮೂವತ್ತು ವರ್ಷ ಶೆಟ್ಟರ ಎದುರು 'ಯಾಕೆ' ಎಂದು ಕೇಳದೆ ಬದುಕಿದವನು ಅವನು.

ಫೆಬ್ರವರಿಯಲ್ಲಿ ಮೊದಲ ಗಾಜು ಒಡೆಯಿತು. ಚೆನ್ನಯನಿಗೆ ನಾಚಿಕೆ. ನನಗೆ ಒಪ್ಪಿಸಿದ ವಸ್ತು, ನಾನು ಕಾಯುವಾಗ ಒಡೆಯಿತಲ್ಲ ಎಂದು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಫೋಟೋಗಳಿಗೆ ಚೌಕಟ್ಟು ಹಾಕುವವನಿಂದ ಪಟ್ಟಿ ಕತ್ತರಿಸಿಕೊಂಡು ಹೋಗಿ ಅದೇ ಜಾಗದಲ್ಲಿ ಕೂರಿಸಿದ. ರಿಜಿಸ್ಟರಿನಲ್ಲಿ 'ಹನ್ನೆರಡು ಗಾಜು, ಎಲ್ಲ ಸರಿ' ಎಂದು ದುಂಡಗೆ ಬರೆದ. ಸುಳ್ಳೇನಲ್ಲವಲ್ಲ, ಅವನು ಬರೆಯುವ ಹೊತ್ತಿಗೆ ಹನ್ನೆರಡೂ ಸರಿಯಾಗಿಯೇ ಇದ್ದವು. ಚೂರುಗಳನ್ನು ಗುಡ್ಡದಲ್ಲಿ ಎಸೆದರೆ ದನ ತುಳಿಯುತ್ತವೆ, ಸೌದೆಗೆ ಬರುವ ಹೆಂಗಸರು ಬರಿಗಾಲಲ್ಲಿ ಓಡಾಡುತ್ತಾರೆ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕೊಂಡ ಪೇಪರಿನಲ್ಲಿ ಸುತ್ತಿ ಮನೆಗೆ ತಂದ. ಮಂಚದ ಕೆಳಗೆ ಖಾಲಿ ಎಣ್ಣೆ ಡಬ್ಬವಿತ್ತು, ಅದರಲ್ಲಿ ಹಾಕಿದ.

ಮಾರ್ಚಿನಲ್ಲಿ ಮತ್ತೆ ಒಡೆಯಿತು. ಏಪ್ರಿಲಿನಲ್ಲಿ ಮತ್ತೆ. ಯಾರೋ ಒಡೆಯುತ್ತಿದ್ದಾರೆ ಎಂದು ಅವನ ಗುಮಾನಿ. ಮೊದಲು ದನಗಳ ಮೇಲೆ ಹೋಯಿತು, ಬಿರುಕಿನ ಸುತ್ತ ಮುಳ್ಳು ತಂದು ಹಾಕಿದ. ಮಳೆ ಹಿಡಿದ ಮೇಲೆ ಜಲಪಾತ ನೋಡಲು ಕಲ್ಯಾಣ, ಬದಲಾಪುರದ ಕಡೆಯಿಂದ ಜನ ಬೈಕುಗಳಲ್ಲಿ ಬರತೊಡಗಿದರು, ಬಾಟಲಿ ಹಿಡಿದು ಕಂಡಕಂಡಲ್ಲಿ ಹತ್ತುತ್ತಿದ್ದರು. ಗಾಜು ಒಡೆಯುವುದೂ ಆಗಲೇ ಜಾಸ್ತಿಯಾಯಿತು. ಸರಿ, ಕಳ್ಳರು ಸಿಕ್ಕರು ಎಂದುಕೊಂಡ. ಅವರಿಗೆ ಶಾಪ ಹಾಕುತ್ತಾ ಚೀಲ ತುಂಬ ಪಟ್ಟಿ ಹೊತ್ತು ಹತ್ತುತ್ತಿದ್ದ. ಒಂದು ಸೋಮವಾರವೂ ತಪ್ಪಿಸಲಿಲ್ಲ, ಅದೇ ನೋಡಿ ಸಂಕಟ.

ಇಳಿದು ಬಂದಾಗಲೆಲ್ಲ ವನಮಾಲಾಬಾಯಿ ಚಹ ಕೊಡುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಭಾವು, ಡೋಂಗರ್ ಕಸಾ ಆಹೆ?" ಗುಡ್ಡ ಹೇಗಿದೆ ಅಣ್ಣಾ ಎಂದು.

"ಠೀಕ್ ಆಹೆ" ಎನ್ನುತ್ತಿದ್ದ ಚೆನ್ನಯ. ಹನ್ನೆರಡೂ ಗಾಜು ಹೊಳೆಯುವಂತೆ ಮಾಡಿ ಬಂದವನಿಗೆ ಬೇರೆ ಏನು ಅನ್ನಿಸಬೇಕು? ಆ ಮಾತು ನಂಬಿ ಅವಳು ಜೂನಿನಲ್ಲಿ ಬಾಣಂತಿ ಮಗಳನ್ನು ಮುರಬಾಡಿನಿಂದ ಕರೆದುಕೊಂಡು ಬಂದಳು. ಹುಟ್ಟಿ ಹನ್ನೆರಡು ದಿನದ ಕೂಸು. ಶೆಡ್ಡಿನ ಹಿಂದೆ ಗೋಣಿತಾಟಿನ ಪರದೆ ಕಟ್ಟಿ ಅಲ್ಲಿ ಮಲಗಿಸಿದ್ದರು.

ಜೂನ್ ಕೊನೆಯ ವಾರದ ಮಂಗಳವಾರ ಶ್ರದ್ಧಾ ಚೆನ್ನಯನನ್ನು ಜೊತೆ ಮಾಡಿಕೊಂಡು ಮೇಲೆ ಬಂದಳು. ಕಚೇರಿಗೆ ಹೊಸದಾಗಿ ಸೇರಿದ ಎಂಜಿನಿಯರ್. ಅಪ್ಪ ಅಮ್ಮ ಕುಂದಾಪುರದವರು, ಇವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮಳೆಗಾಲದ ಫೋಟೋ ತೆಗೆಯುವುದಕ್ಕೆ ಬಂದಿದ್ದಳು. ಚೆನ್ನಯ ಹಿಂದಿನ ದಿನವಷ್ಟೇ ಒಂಬತ್ತು ಗಾಜು ಬದಲಿಸಿದ್ದ. ಹನ್ನೆರಡರಲ್ಲಿ ಒಂಬತ್ತು. ಆ ಬೈಕಿನವರನ್ನು ನೆನೆದು ಅವತ್ತು ಬಾಯಿಗೆ ಬಂದ ಹಾಗೆ ಬೈದಿದ್ದ.

"ಅಂಕಲ್, ಕಿತನಾ ಸಾಫ್ ರಖಾ ಹೈ ಆಪ್ನೆ" ಎಂದು ಅವಳು ಮೆಚ್ಚಿದಳು. ಎಷ್ಟು ಚೊಕ್ಕವಾಗಿ ಇಟ್ಟಿದ್ದೀರಿ ಎಂದು.

ಚೆನ್ನಯನ ಕಣ್ಣು ನಾಲ್ಕನೆಯ ಗಾಜಿನ ಮೇಲೆ ಬಿತ್ತು. ನಿನ್ನೆ ಮಧ್ಯಾಹ್ನ ಹಾಕಿದ್ದು, ಆಗಲೇ ಕೂದಲೆಳೆಯಷ್ಟು ಗೀರು. ಏನೂ ಯೋಚಿಸದೆ ಎರಡು ಹೆಜ್ಜೆ ಇಟ್ಟು ಅದರ ಮುಂದೆ ನಿಂತ, ಕೊಡೆ ಬಗ್ಗಿಸಿ ಮರೆ ಮಾಡಿದ. ಮೂವತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ಹೋಗಿ ನಿಂತಿತು.

ಇಳಿದು ಬಂದು ಶೆಡ್ಡಿನಲ್ಲಿ ಚಹಕ್ಕೆ ಕೂತರು. ವನಮಾಲಾಬಾಯಿ ಈ ಸಲ ಶ್ರದ್ಧಾಳನ್ನೇ ಕೇಳಿದಳು, ಆ ಗಾಜು ಯಾತಕ್ಕೆ ಹಚ್ಚಿದ್ದಾರೆ ಎಂದು. ಹುಡುಗಿ ಉತ್ಸಾಹದಿಂದ ಮರಾಠಿಯಲ್ಲಿ ವಿವರಿಸಿದಳು. ಗಾಜು ಹಿಗ್ಗುವುದಿಲ್ಲ, ಬಗ್ಗುವುದಿಲ್ಲ. ಗುಡ್ಡ ಒಂದು ಕೂದಲಿನಷ್ಟು ಸರಿದರೂ ಗಾಜು ಪಟ್ಟನೆ ಒಡೆಯುತ್ತದೆ. ಒಂದು ಒಡೆದರೆ ಕಣ್ಣಿಡಬೇಕು. ನಾಲ್ಕೈದು ಒಡೆದರೆ ರಸ್ತೆ ಮುಚ್ಚಬೇಕು. "ಅಂಕಲ್ ಆರು ತಿಂಗಳಿಂದ ನೋಡುತ್ತಿದ್ದಾರೆ, ಒಂದೂ ಒಡೆದಿಲ್ಲ. ಮೌಶಿ, ನೀವು ಆರಾಮಾಗಿ ನಿದ್ದೆ ಮಾಡಿ" ಎಂದಳು.

ಚೆನ್ನಯನ ಕೈಯಲ್ಲಿ ಚಹದ ಲೋಟವಿತ್ತು. ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಕಳೆದ ವಾರ ವನಮಾಲಾಬಾಯಿ, ಝರಿಯ ನೀರು ಯಾಕೋ ಕೆಂಪಾಗಿದೆ, ಬಟ್ಟೆಯಲ್ಲಿ ಸೋಸಿ ಚಹ ಮಾಡುತ್ತಿದ್ದೇನೆ ಎಂದಿದ್ದಳು. ಮಳೆಯಲ್ಲವಾ ಬಾಯಿ, ಎಂದು ನಕ್ಕಿದ್ದ. ಗೋಣಿತಾಟಿನ ಆಚೆ ಕೂಸು ಸಣ್ಣಗೆ ಅತ್ತಿತು.

ಬಾಯಿ ಬಿಡಬೇಕಾದ್ದು ಆಗಲೇ. ಬಿಡಲಿಲ್ಲ. ಈ ಕೆಲಸವೂ ಹೋದರೆ ಐವತ್ತೊಂದರಲ್ಲಿ ಯಾರು ಕರೆಯುತ್ತಾರೆ, ರಾಯರಿಗೆ ಯಾವ ಮುಖ ತೋರಿಸಲಿ, ಪೊಲೀಸರು ಬರುತ್ತಾರೋ ಏನೋ. ಜೀಪು ಬಂತು, ಶ್ರದ್ಧಾ ಹತ್ತಿದಳು, ಅವನೂ ಹತ್ತಿದ. ಕಲ್ಯಾಣದವರೆಗೆ ಗರಬಡಿದವನಂತೆ ಕೂತಿದ್ದ. "ಅಂಕಲ್, ತಬಿಯತ್ ಠೀಕ್ ಹೈ ನಾ?" ಎಂದು ಅವಳು ಎರಡು ಸಲ ಆರೋಗ್ಯ ವಿಚಾರಿಸಿದಳು. ಎರಡು ಸಲವೂ ತಲೆಯಾಡಿಸಿದ. ಇವನನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯುವುದಿಲ್ಲ. ಬಯ್ಯುವುದೇ ಸರಿ.

ಸಂಜೆ ಮನೆಗೆ ಬಂದವನು ಚಪ್ಪಲಿ ಸಹ ಬಿಚ್ಚದೆ ಮಂಚದ ಕೆಳಗಿಂದ ಡಬ್ಬ ಎಳೆದ. ಕೈ ಜಗ್ಗುವಷ್ಟು ಭಾರ. ಅದರ ಭಾರ ಅವನಿಗೆ ಗೊತ್ತಾದದ್ದೇ ಅವತ್ತು.

"ಎಂತಾಯ್ತು ನಿಮ್ಗೆ? ಮುಖ ಎಲ್ಲ ಬಿಳಚಿಕೊಂಡಿದೆ" ಎಂದಳು ಸುಂದರಿ.

ಹೇಳಿದ. ಒಂದೊಂದೇ ಮಾತು ಕಿತ್ತು ಹೇಳಿದ. ಸುಂದರಿ ಲಟ್ಟಣಿಗೆ ಕೆಳಗಿಟ್ಟು ಹಿಟ್ಟಿನ ಕೈಯನ್ನೇ ತಲೆ ಮೇಲೆ ಹೊತ್ತು ಕೂತಳು.

"ಆ ಬಾಣಂತಿ ಅಲ್ಲೇ ಮಲಗಿದ್ದಾಳಾ?"

"ಹ್ಞಾ."

"ಹಾಗಾದ್ರೆ ನೀವು ಇಲ್ಲಿ ಎಂತ ಮಾಡ್ತಿದ್ದೀರಿ?"

ಫೋನು ತೆಗೆದ. ರಾಯರ ನಂಬರು ಒತ್ತಿದ, ರಿಂಗ್ ಆಗುವ ಮೊದಲೇ ಕಟ್ ಮಾಡಿದ. ಮೂರು ಸಲ ಹೀಗೆ. ಫೋನಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ, ಬೆಳಿಗ್ಗೆ ಡಬ್ಬವನ್ನೇ ಒಯ್ದು ಮುಂದಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿತನಕ್ಕೆ ಎಂಥೆಂಥ ನೆಪ. ಆ ರಾತ್ರಿ ಘಾಟಿಯಲ್ಲಿ ಎಡೆಬಿಡದೆ ಮಳೆ ಸುರಿಯಿತು. ಗುಡ್ಡ ನಿಂತದ್ದು ಅವನ ಪುಣ್ಯಕ್ಕಲ್ಲ, ಆ ಕೂಸಿನ ಪುಣ್ಯಕ್ಕೆ.

ಬುಧವಾರ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ತಲೆಯ ಮೇಲೆ ಡಬ್ಬ ಹೊತ್ತು ಥಾಣೆಗೆ, ಅಲ್ಲಿ ಇಳಿದು ಇನ್ನೊಂದು ಹತ್ತಿ ಘಣಸೋಲಿಗೆ ಹೋದ. ಗರ್ದಿಯಲ್ಲಿ ಯಾರೋ "ಕ್ಯಾ ಹೈ ಇಸ್ಮೇ ಚಾಚಾ, ಪತ್ಥರ್?" ಎಂದು ರೇಗಿಸಿದರು, ಕಲ್ಲು ಹೊತ್ತಿದ್ದೀಯಾ ಎಂದು.

ಕಚೇರಿಯಲ್ಲಿ ರಾಯರೂ ಶ್ರದ್ಧಾಳೂ ಆಗ ತಾನೇ ಬಂದಿದ್ದರು. ಚೆನ್ನಯ ಡಬ್ಬವನ್ನು ನೆಲದ ಮೇಲೆ ಇಟ್ಟ.

"ಎಂತದು ಚೆನ್ನಯ ಇದು?"

"ಒಂಬತ್ತನೇ ತಿರುವಿನ ಗಾಜು ಸರ್. ಒಡೆದದ್ದು. ನಾನು ಬದಲಿಸಿ ಬದಲಿಸಿ ಹಾಕಿದ್ದೇನೆ. ನಿಮ್ಗೆ ಹೇಳ್ಲಿಲ್ಲ."

ರಾಯರು ಅವನ ಮುಖ ನೋಡಿದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವರ ಮುಖದ ಮೇಲಿನ ರಕ್ತ ಇಳಿದದ್ದನ್ನು ಚೆನ್ನಯ ಕಣ್ಣಾರೆ ಕಂಡ. "ಎಷ್ಟು?" ಎಂದರು. ಸ್ವರ ಅವರದ್ದಲ್ಲ ಎಂಬ ಹಾಗಿತ್ತು.

"ಲೆಕ್ಕ ಇಟ್ಟಿಲ್ಲ ಸರ್."

ಶ್ರದ್ಧಾ ಮಂಡಿಯೂರಿ ಮೊದಲ ಪೊಟ್ಟಣ ಬಿಚ್ಚಿದಳು. ಗಾಜಿನ ಚೂರು. ಸುತ್ತಿದ ಕಾಗದವನ್ನು ಬಿಸಾಡಲು ಹೊರಟವಳು ಹಾಗೇ ನಿಂತಳು. ಪೇಪರಿನ ತಲೆಯಲ್ಲಿ ತಾರೀಕಿತ್ತು. ಪ್ರತಿ ಪೊಟ್ಟಣವೂ ಗಾಜು ತೆಗೆದ ದಿನದ ಪೇಪರಿನಲ್ಲೇ. ರಿಜಿಸ್ಟರು ಆರು ತಿಂಗಳು ಮುಚ್ಚಿಟ್ಟದ್ದನ್ನೆಲ್ಲ ಈ ರದ್ದಿ ಕಾಗದ ಇಟ್ಟುಕೊಂಡಿತ್ತು.

ನೆಲದ ಮೇಲೆ ತಿಂಗಳಿಗೊಂದು ಸಾಲು ಹಾಕಿ ಜೋಡಿಸಿದಳು. ಫೆಬ್ರವರಿಯ ಸಾಲಿನಲ್ಲಿ ಒಂದೇ ಪೊಟ್ಟಣ. ಮಾರ್ಚಿಗೆ ಎರಡು. ಏಪ್ರಿಲಿಗೆ ಮೂರು. ಮೇ ತಿಂಗಳಿಗೆ ಐದು. ಜೂನ್ ಬಂದಾಗ ಸಾಲು ಮೇಜಿನ ಕೆಳಗೆ ನುಗ್ಗಿತು, ಅವಳು ವಾರವಾರ ಬೇರೆ ಮಾಡಿದಳು. ಮೊದಲ ವಾರ ನಾಲ್ಕು. ಎರಡನೆಯದು ಆರು. ಮೂರನೆಯದು ಎಂಟು. ಕೊನೆಗೆ ಮೊನ್ನೆ ಸೋಮವಾರದ ಪೇಪರು, ಒಂದೇ ದಿನದ್ದು, ಒಂಬತ್ತು.

ಚೆನ್ನಯ ಭೂವಿಜ್ಞಾನ ಓದಿದವನಲ್ಲ, ಆದರೆ ಆ ನೆಲದ ಮೇಲಿದ್ದದ್ದು ಅವನಿಗೂ ಕಾಣುತ್ತಿತ್ತು. ಗುಡ್ಡ ಚಳಿಗಾಲದಲ್ಲಿ ತೆವಳಿತ್ತು, ಬೇಸಿಗೆಯಲ್ಲಿ ನಡೆದಿತ್ತು, ಈಗ ಓಡುತ್ತಿತ್ತು. ಅವನು ಹಿಂದೆ ಹಿಂದೆ ಹೋಗಿ ಹೆಜ್ಜೆಗುರುತು ಅಳಿಸುತ್ತಾ ಬಂದಿದ್ದ.

"ನಿನ್ನೆ ಹೇಗಿತ್ತು?" ಎಂದರು ರಾಯರು.

"ನಾಲ್ಕನೆಯದರಲ್ಲಿ ಗೀರು ಇತ್ತು ಸರ್. ಹಿಂದಿನ ದಿನ ಹಾಕಿದ್ದು. ಈ ಹುಡುಗಿಗೆ ಕಾಣದ ಹಾಗೆ ನಾನು ಅಡ್ಡ ನಿಂತೆ."

ಶ್ರದ್ಧಾ ತಲೆಯೆತ್ತಿ ಅವನನ್ನು ನೋಡಿದಳು. ಆರಾಮಾಗಿ ನಿದ್ದೆ ಮಾಡಿ ಎಂದು ಹೇಳಿ ಬಂದವಳು ತಾನು ಎಂಬುದು ಅವಳಿಗೆ ಆಗ ನೆನಪಾಗಿರಬೇಕು. ಮೊದಲ ಬಾರಿಗೆ ಅವಳ ಬಾಯಲ್ಲಿ ಕನ್ನಡ ಬಂತು. "ಹೇಗೆ ನಿಂತ್ರಿ ಅಂಕಲ್?" ಎಂದಳು.

ರಾಯರು ಫೋನಿಗೆ ಕೈ ಹಾಕಿದರು. ರಸ್ತೆ ಇಲಾಖೆಯ ಎಂಜಿನಿಯರು ಮೊದಲು ಗೊಣಗಿದರು, ನಿಮ್ಮದೇ ವರದಿ ಮೊನ್ನೆಯವರೆಗೆ ಸರಿ ಎಂದಿತ್ತಲ್ಲ ಎಂದರು. "ಆ ವರದಿ ಸುಳ್ಳು. ತಪ್ಪು ನಮ್ಮದು. ಈಗಲೇ ಎರಡೂ ಕಡೆ ಗೇಟು ಹಾಕಿ, ಬೈಗುಳ ಆಮೇಲೆ ಬೈಯಿರಿ" ಎಂದು ರಾಯರು ಹೇಳಿದ ರೀತಿಗೆ ಆ ಮನುಷ್ಯ ಮರುಮಾತಾಡಲಿಲ್ಲ. ಹತ್ತೂವರೆಗೆ ಗಾಡಿಗಳನ್ನು ತಡೆದರು. ಆದರೆ ಶೆಡ್ಡಿಗೆ ಫೋನು ಎಲ್ಲಿಯದು? ಆ ತಿರುವಿನಲ್ಲಿ ಮೊಬೈಲು ಹಿಡಿಯುವುದಿಲ್ಲ. ಗೇಟು ಹಾಕಿದವರು ಒಬ್ಬ ಸಿಪಾಯಿಯನ್ನು ಕಳಿಸಿ ಹೇಳಿಸಿದರಂತೆ, ವನಮಾಲಾಬಾಯಿ ನಕ್ಕು ವಾಪಸು ಕಳಿಸಿದಳಂತೆ. ಜೀಪು ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಕಲ್ಯಾಣದಲ್ಲಿ ಸಿಕ್ಕಿ, ಗೇಟು ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿತ್ತು. ಗೇಟಿನಲ್ಲಿ ಎರಡು ಎಸ್ಟಿ ಬಸ್ಸು, ಹತ್ತಾರು ಕಾರು, ಜನರ ಕೂಗಾಟ. ಚೆನ್ನಯ ಜೀಪಿನಿಂದ ಹಾರಿ ಮಳೆಯಲ್ಲಿ ಓಡಿದ. ರಾಯರು ಹಿಂದಿನಿಂದ ಕರೆದರು, ಅವನು ನಿಲ್ಲಲಿಲ್ಲ.

ವನಮಾಲಾಬಾಯಿ ಒಲೆಯ ಮುಂದೆ ಇದ್ದಳು. ಅತ್ತೆ ಬಾಣಂತಿಗೆ ಶಾಖ ಕೊಡುತ್ತಿದ್ದಳು.

"ಬಾಯಿ, ಎದ್ದೇಳಿ. ಗುಡ್ಡ ಬರುತ್ತಿದೆ" ಎಂದ ತನಗೆ ಬರುವ ಮರಾಠಿಯಲ್ಲಿ.

ಅವಳು ಕದಲಲಿಲ್ಲ. ನಿನ್ನೆ ಆ ಹುಡುಗಿ ಬಂದು ಸರಿಯಿದೆ ಎಂದಳು, ಮೊನ್ನೆ ನೀನೇ ಸರಿಯಿದೆ ಎಂದೆ, ಒಂದು ರಾತ್ರಿಯಲ್ಲಿ ಗುಡ್ಡಕ್ಕೆ ಏನಾಯಿತು? ರಸ್ತೆಯವರು ತನ್ನ ಶೆಡ್ಡು ಎಬ್ಬಿಸಲು ಮೂರು ವರ್ಷದಿಂದ ಕಾಯುತ್ತಿದ್ದಾರೆ, ನೀನೂ ಅವರ ಜೊತೆ ಸೇರಿದೆಯಾ ಭಾವು, ಎಂದಳು. ಮಳೆಯಲ್ಲಿ ತಿಂಗಳು ತುಂಬದ ಕೂಸನ್ನು ಎಲ್ಲಿಗೆ ಒಯ್ಯಲಿ ಎಂದಳು. ಒಲೆಗೆ ಸೌದೆ ತುರುಕಿದಳು.

ಚೆನ್ನಯ ಅವಳೆದುರು ಕೆಸರಿನಲ್ಲಿ ಕುಕ್ಕರಿಸಿದ.

"ಮೀ ಖೋಟಂ ಲಿಹಿಲಂ, ಬಾಯಿ" ಎಂದ. ನಾನು ಬರೆದದ್ದು ಸುಳ್ಳು. "ಗಾಜು ಒಡೆದಿತ್ತು. ಮೊನ್ನೆ ಒಂಬತ್ತು ಒಡೆದಿತ್ತು. ಫೆಬ್ರವರಿಯಿಂದ ಒಡೆಯುತ್ತಾ ಇದೆ. ನಾನು ಹೊಸತು ಹಾಕಿ ಹಾಕಿ ನಿಮಗೆ ಠೀಕ್ ಎಂದು ಹೇಳಿದೆ."

ವನಮಾಲಾಬಾಯಿ ಅವನನ್ನೇ ನೋಡಿದಳು. ಕೈಯಲ್ಲಿದ್ದ ಸೌದೆ ಹಾಗೇ ಇತ್ತು. ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡದ್ದು ಮಾತ್ರ ಅವನಿಗೆ ಗೊತ್ತಾಯಿತು. ಎದ್ದಳು. ಪರದೆ ಸರಿಸಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಮಗಳ ರಟ್ಟೆ ಹಿಡಿದಳು. ಚೆನ್ನಯ ಮುದುಕಿಯನ್ನು ಬೆನ್ನ ಮೇಲೆ ಹೊತ್ತ. ಒಲೆ ಉರಿಯುತ್ತಲೇ ಇತ್ತು, ಮೇಲೆ ಚಹದ ಪಾತ್ರೆ ಕುದಿಯುತ್ತಿತ್ತು.

ಗೇಟು ಮುಟ್ಟಿ ಇನ್ನೂ ಉಸಿರು ತಿರುಗಿರಲಿಲ್ಲ. ಮೊದಲು ಕಲ್ಲುಗಳು, ಯಾರೋ ಮೇಲಿಂದ ಹಿಡಿಹಿಡಿಯಾಗಿ ಎಸೆದ ಹಾಗೆ. ಆಮೇಲೆ ಸದ್ದಿಲ್ಲದ ಒಂದು ಗಳಿಗೆ. ಆಮೇಲೆ ಗುಡ್ಡವೇ ಹೊರಟಿತು. ಅದರ ಮೇಲಿನ ಮರಗಳು ಬೀಳಲಿಲ್ಲ, ನಿಂತ ಹಾಗೇ ನಿಂತು ರಸ್ತೆಗೆ ಇಳಿದು ಬಂದವು. ಕಾಲಡಿಯ ಡಾಂಬರು ನಡುಗಿತು. ಹಸಿಮಣ್ಣಿನ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಅಷ್ಟು ಹೊತ್ತು ಡ್ರೈವರನಿಗೂ ಸರಕಾರಕ್ಕೂ ಹಿಡಿಶಾಪ ಹಾಕುತ್ತಿದ್ದ ಬಸ್ಸಿನ ಜನ ಕಿಟಕಿಯಲ್ಲಿ ತಲೆ ಹಾಕಿ ಬಾಯಿ ತೆರೆದುಕೊಂಡೇ ಇದ್ದರು. ಎಲ್ಲ ಮುಗಿದಾಗ ಅಲ್ಲಿ ಶೆಡ್ಡಿರಲಿಲ್ಲ, ರಸ್ತೆಯಿರಲಿಲ್ಲ, ತಿರುವೇ ಇರಲಿಲ್ಲ. ಮುದುಕಿ ಇನ್ನೂ ಚೆನ್ನಯನ ಬೆನ್ನ ಮೇಲೆ ಇದ್ದಳು. ಅವಳನ್ನು ಇಳಿಸಬೇಕೆಂಬುದೂ ಅವನಿಗೆ ತೋಚಲಿಲ್ಲ.

ಬಸ್ಸಿನಿಂದ ಇಳಿದ ಒಬ್ಬಾತ ಬಂದು ಚೆನ್ನಯನ ಕೈ ಹಿಡಿದ. ಇವರೇ ಓಡಿಹೋಗಿ ಉಳಿಸಿದ್ದು ಎಂದು ಯಾರೋ ಹೇಳಿದರು. ಇನ್ನಿಬ್ಬರು ಬಂದರು, ಒಬ್ಬಳು ಹೆಂಗಸು ಅವನ ಕಾಲಿಗೆ ಬಗ್ಗಿದಳು. ಚೆನ್ನಯ ಬೆಂಕಿ ತಾಗಿದವನಂತೆ ಹಿಂದೆ ಸರಿದ. ನಾಲ್ಕು ಹೆಜ್ಜೆ ಆಚೆ ವನಮಾಲಾಬಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಮಣ್ಣಿನ ರಾಶಿಯನ್ನು ನೋಡುತ್ತಾ ನಿಂತಿದ್ದಳು. ಅವಳಿಗೆ ನಿಜ ಗೊತ್ತಿತ್ತು. ಅವಳು ಅವನ ಕಡೆ ತಿರುಗಲೇ ಇಲ್ಲ.

ರಾಯರು ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು. ಚೆನ್ನಯನ ತಪ್ಪು ಬರೆದ ಮೇಲೆ ತಮ್ಮದನ್ನೂ ಬರೆದರು. "ಏನು ಮಾಡಬೇಕು ಅಂತ ಹೇಳಿದೆ, ಯಾಕೆ ಅಂತ ಹೇಳ್ಲಿಲ್ಲ. ಅದು ನಂದು ಮಾರಾಯ" ಎಂದರು. ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೇ ಅವನಿಗೆ ಹಗುರವಾಗುತ್ತಿತ್ತೇನೋ. ಎಷ್ಟೋ ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಿದ್ದ. ಗಾಜಿನ ಲೋಟ ಕಂಡರೆ ಆಗುತ್ತಿರಲಿಲ್ಲ, ಸುಂದರಿ ಮನೆಯಲ್ಲಿದ್ದ ನಾಲ್ಕನ್ನೂ ಪಕ್ಕದ ಮನೆಗೆ ಕೊಟ್ಟು ಸ್ಟೀಲಿನದು ತಂದಳು.

ರಸ್ತೆ ಸರಿಯಾಗಲು ದೀಪಾವಳಿ ಕಳೆಯಿತು. ವನಮಾಲಾಬಾಯಿಗೆ ಅರ್ಧ ಮೈಲಿ ಕೆಳಗೆ, ರಾಯರೇ ನಿಂತು ನೋಡಿ ಒಪ್ಪಿದ ಜಾಗದಲ್ಲಿ ಹೊಸ ಶೆಡ್ಡು ಹಾಕಿಕೊಟ್ಟರು. ಕುಸಿದು ಉಳಿದ ಗುಡ್ಡದ ಅಂಚಿನಲ್ಲಿ ಹೊಸ ಬಿರುಕುಗಳಿದ್ದವು. ಅವಕ್ಕೆ ಮತ್ತೆ ಹನ್ನೆರಡು ಗಾಜು. ನೋಡುವ ಕೆಲಸ ಮತ್ತೆ ಚೆನ್ನಯನಿಗೆ. ಅವನೇ ಕೇಳಿ ತೆಗೆದುಕೊಂಡ.

ಮರುವರ್ಷ ಮಳೆ ಶುರುವಾದ ಮೇಲಿನ ಒಂದು ಸೋಮವಾರ ಅವನು ಬಸ್ಸಿನಿಂದ ಇಳಿದಾಗ ಶೆಡ್ಡಿನಲ್ಲಿ ಮುದುಕಿ ಒಬ್ಬಳೇ ಇದ್ದಳು. ಚಹ ಕೊಟ್ಟಳು. ಗುಡ್ಡ ಹೇಗಿದೆ ಎಂದು ಈಗ ಆ ಮನೆಯಲ್ಲಿ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಕೊಡೆ ಬಿಚ್ಚಿ ಹತ್ತಿದ. ಮೇಲೆ ಹೋಗಿ ನೋಡಿದರೆ ವನಮಾಲಾಬಾಯಿ ಅವನಿಗಿಂತ ಮುಂಚೆ ಬಂದಿದ್ದಳು. ಕಚ್ಚೆ ಬಿಗಿದು, ಗೋಣಿಚೀಲ ತಲೆಗೆ ಹಾಕಿಕೊಂಡು ಬಿರುಕಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಒಂದೊಂದು ಗಾಜಿನ ಮೇಲೂ ಬೆರಳಾಡಿಸಿ ನೋಡುತ್ತಾ ಬರುತ್ತಿದ್ದಳು.

"ಸಾತ್ವೀ ಫುಟಲಿ ಆಹೆ" ಎಂದಳು ತಲೆಯೆತ್ತದೆ. ಏಳನೆಯದು ಒಡೆದಿದೆ. "ಲಿಹಾ." ಬರಿ.

ಚೆನ್ನಯ ರಿಜಿಸ್ಟರು ತೆಗೆದ. ಮಳೆಗೆ ಕೊಡೆ ಅಡ್ಡ ಹಿಡಿದು ತಾರೀಕು ಬರೆದ, 'ಏಳನೇ ಗಾಜು ಒಡೆದಿದೆ' ಎಂದು ಬರೆದ. ಅವಳು ಎದ್ದು ಬಂದು ಪಕ್ಕದಲ್ಲಿ ನಿಂತಳು.

"ಕುಠೆ? ದಾಖವಾ."

ಎಲ್ಲಿ ಬರೆದೆ, ತೋರಿಸು ಎಂದು. ಅವನು 'ಒಡೆದಿದೆ' ಎಂಬ ಪದದ ಕೆಳಗೆ ಬೆರಳಿಟ್ಟ. ಅವಳಿಗೆ ಕನ್ನಡವೂ ಗೊತ್ತಿಲ್ಲ, ಯಾವ ಅಕ್ಷರವೂ ಗೊತ್ತಿಲ್ಲ. ಆದರೂ ಅವನ ಬೆರಳು ಇದ್ದ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಂಟನೆಯದರ ಕಡೆ ಹೊರಟಳು.